ಮಿರರ್ ಫಿಲ್ಮ್ ಹಗಲಿಗೆ ಮಾತ್ರ, ಇದನ್ನು ಗಿರಾಕಿಗೆ ಮೊದಲೇ ಹೇಳಿ

ಸಂಪಾದಕರಿಗೆ ನಮಸ್ಕಾರ,

ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಬೇಡ ಅಂದ ಮೇಲೆ ಮನೆ ಕಿಟಕಿಗೂ ಬೇಡ ಎನ್ನಬೇಕು ಅಂತ ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಎಲ್ಲಿ ನೋಡಿದರೂ ಮಿರ ಮಿರ ಮಿಂಚುವ ಕಿಟಕಿಗಳು, ಬೀದಿಯ ಅಂದವೇ ಹೋಯಿತು ಎಂಬುದು ಅವರ ಬೇಸರ. ನಾನು ಕಿಟಕಿಗೆ ಫಿಲ್ಮ್ ಅಂಟಿಸಿ ಸಂಸಾರ ನಡೆಸುವವನು. ಅದಕ್ಕೇ ಈ ಪತ್ರ. ನಿಷೇಧ ಬೇಕು ಎನ್ನುವ ಅವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ನಮ್ಮ ಕೆಲಸದಲ್ಲಿ ಒಂದು ದೊಡ್ಡ ತಪ್ಪು ನಡೆಯುತ್ತಿದೆ: ಹಗಲಿಗೆ ಮಾತ್ರ ಮರೆಯಾಗುವ ಮಿರರ್ ಫಿಲ್ಮನ್ನು ರಾತ್ರಿಗೂ ಆಗುತ್ತದೆ ಎಂಬಂತೆ ಮಾರುತ್ತಿದ್ದಾರೆ. ಅದು ಅವರ ಕಣ್ಣಿಗೆ ಬಿದ್ದಿಲ್ಲ. ಬೀದಿಯ ಅಂದಕ್ಕಿಂತ ಅದು ನೂರು ಪಾಲು ಗಂಭೀರವಾದ ವಿಷಯ.

ನಾನು ಕೆಲಸ ಕಲಿತದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಕಾರಿನ ಸಾಮಾನು ಮಾರುವ ಅಂಗಡಿಯಲ್ಲಿ. ಸೀಟ್ ಕವರ್, ಸ್ಟೀರಿಯೊ, ಸನ್ ಫಿಲ್ಮ್. ಆಗ ಹೊಸ ಕಾರು ಶೋರೂಮಿನಿಂದ ಹೊರಗೆ ಬಂತು ಅಂದರೆ ಮೊದಲು ಪೂಜೆ, ಆಮೇಲೆ ಫಿಲ್ಮ್. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಕಾರಿನ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70, ಪಕ್ಕದ ಗಾಜಿನಲ್ಲಿ ಶೇ 50 ಬೆಳಕು ಹಾಯಬೇಕು ಎಂದು 1989ರ ಮೋಟಾರು ವಾಹನ ನಿಯಮದಲ್ಲಿ ಮೊದಲೇ ಇತ್ತು. ಕೋರ್ಟು ಒಂದು ಹೆಜ್ಜೆ ಮುಂದೆ ಹೋಗಿ, ಕಾರ್ಖಾನೆಯಲ್ಲಿ ಗಾಜಿಗೇ ಬಣ್ಣ ಹಾಕಿದ್ದರೆ ಸರಿ, ಮೇಲಿಂದ ಫಿಲ್ಮ್ ಅಂಟಿಸುವ ಹಾಗೇ ಇಲ್ಲ ಎಂದಿತು. ಪೊಲೀಸರು ಸಿಗ್ನಲ್‌ಗಳಲ್ಲಿ ಕಾರು ನಿಲ್ಲಿಸಿ ಫಿಲ್ಮ್ ಕೀಳತೊಡಗಿದರು. ನಾವು ಅಂಟಿಸಿದ್ದನ್ನು ನಾವೇ ಕಿತ್ತು ಕೊಟ್ಟೆವು. ನಮ್ಮಲ್ಲಿ ಎಷ್ಟೋ ಜನ ಮನೆ, ಆಫೀಸು, ಆಸ್ಪತ್ರೆಗಳ ಕಿಟಕಿ ಕೆಲಸಕ್ಕೆ ಬಂದದ್ದು ಹಾಗೆ. ಗಾಜಿನ ನೀರು ಒತ್ತಿ ತೆಗೆಯುವ ಅದೇ ಸ್ಕ್ವೀಜಿ, ಅದೇ ಬ್ಲೇಡು, ಅದೇ ಶಾಂಪೂ ನೀರಿನ ಸ್ಪ್ರೇ ಬಾಟಲಿ.

ಹಾಗಾಗಿ ಆ ತೀರ್ಪಿನ ಬಿಸಿ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಅದು ಸರಿ ಅಂತಲೇ ಈಗಲೂ ಹೇಳುತ್ತೇನೆ. ರಸ್ತೆಯಲ್ಲಿ ಓಡಾಡುವ ಗಾಡಿಯೊಳಗೆ ಹೆಣ್ಣುಮಕ್ಕಳ ಮೇಲೆ ಏನೇನೋ ನಡೆದಾಗ ಹೊರಗಿನವರಿಗೆ ಕಾಣಬೇಕು. ಆದರೆ ಮನೆ ಗಾಡಿಯಲ್ಲ. ನಾನು ಸ್ನಾನ ಮಾಡಿ ಬಂದು ಒದ್ದೆ ಟವಲಿನಲ್ಲಿ ನಿಲ್ಲುವ ಜಾಗ ಅದು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಆ ಅರ್ಜಿ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಕಿಟಕಿ ಮುಚ್ಚಿಕೊಳ್ಳುವವರನ್ನು ಅನುಮಾನದಿಂದ ನೋಡುವುದು ಬೇಡ ಅಂತ ಆ ಓದುಗರಲ್ಲಿ ವಿನಂತಿ.

ನನಗೆ ಫೋನ್ ಮಾಡುವವರು ಯಾರು ಗೊತ್ತಾ? ಹಸುಗೂಸು ಇರುವ ತಾಯಂದಿರು. ನೆಲಮಹಡಿಯಲ್ಲಿ ಬಾಡಿಗೆಗೆ ಇರುವವರು. ಹಾಸಿಗೆ ಹಿಡಿದ ಅಪ್ಪನಿಗೆ ಡಯಾಪರ್ ಬದಲಿಸುವ ಮಗ. 20x30, 30x40 ಸೈಟುಗಳಲ್ಲಿ ಮೊದಲು ಒಂದು ಮಹಡಿಯ ಮನೆ, ಮುಂದೆ ಕಾಂಪೌಂಡು, ಒಂದು ಸಂಪಿಗೆ ಗಿಡ ಇರುತ್ತಿತ್ತು. ಈಗ ಅಲ್ಲೇ ನಾಲ್ಕು ಮಹಡಿ. ಅಕ್ಕಪಕ್ಕ ಬಿಡಬೇಕಾದ ಜಾಗ ಬಿಡದೆ ಕಟ್ಟಿದ್ದಾರೆ. ಕೈ ಚಾಚಿದರೆ ಪಕ್ಕದ ಮನೆಯ ಗ್ರಿಲ್ ಸಿಗುತ್ತದೆ. ಅವರ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಇವರು ಎಣಿಸಬಹುದು. ಇವರು ಮಲಗುವ ಕೋಣೆಯ ಕಿಟಕಿ, ಅವರ ಹಾಲ್‌ನ ಕಿಟಕಿ, ಎದುರಾಬದುರು. "ಎದುರುಮನೆಯವರು ಒಳ್ಳೆಯವರೇ, ಅವರ ಮೇಲೆ ದೂರಿಲ್ಲ, ಆದ್ರೂ..." ಎಂದು ಅರ್ಧಕ್ಕೇ ನಿಲ್ಲಿಸುತ್ತಾರೆ. ಉಳಿದರ್ಧ ನಮಗೆ ಅರ್ಥವಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಮನೆಗೆ ಜನ ಕೇಳುವುದು ಮುಖ್ಯವಾಗಿ ಎರಡು ಬಗೆಯ ಫಿಲ್ಮ್. ಒಂದು ಫ್ರಾಸ್ಟೆಡ್, ಹಾಲಿನ ಬಣ್ಣದ್ದು. ಬೆಳಕು ಬರುತ್ತದೆ, ಆಕಾರ ಕಾಣುವುದಿಲ್ಲ. ಇನ್ನೊಂದು ಮಿರರ್ ಫಿಲ್ಮ್. ಇದೇ ಈಗ ಜಾಸ್ತಿ ಓಡುತ್ತಿರುವುದು. ತೆಳುವಾದ ಪಾಲಿಯೆಸ್ಟರ್ ಹಾಳೆ, ಅದರ ಮೇಲೆ ಅಲ್ಯೂಮಿನಿಯಂನಂಥ ಲೋಹದ ಕಣ್ಣಿಗೆ ಕಾಣದಷ್ಟು ತೆಳು ಲೇಪ. ಹಗಲು ಹೊತ್ತು ಬೀದಿಯಲ್ಲಿ ನಿಂತವರಿಗೆ ಕನ್ನಡಿ. ಒಳಗೆ ಕೂತವರಿಗೆ ಬೀದಿಯೆಲ್ಲಾ ಕಾಣುತ್ತದೆ. "ಸರ್, ಇದು ಒನ್ ವೇ. ಒಳಗಿಂದ ಎಲ್ಲಾ ಕಾಣುತ್ತೆ, ಹೊರಗಿಂದ ಏನೂ ಕಾಣಲ್ಲ" ಎಂದು ಅಂಗಡಿಯಲ್ಲಿ ಒಂದು ತುಂಡನ್ನು ಬಾಗಿಲಿನ ಗಾಜಿಗೆ ಹಿಡಿದು ತೋರಿಸುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ತೋರಿಸಿದರೆ ಹಾಗೇ ಕಾಣುತ್ತದೆ. ಗಿರಾಕಿ ನಂಬುತ್ತಾರೆ, ದುಡ್ಡು ಕೊಡುತ್ತಾರೆ.

ಆದರೆ ಆ ಹಾಳೆಗೆ ಒಳಗು ಹೊರಗು ಗೊತ್ತಿಲ್ಲ. ಎರಡು ಕಡೆಯಿಂದಲೂ ಅದು ಬೆಳಕಿನಲ್ಲಿ ಒಂದಷ್ಟನ್ನು ತಿರುಗಿಸಿ ಕಳಿಸುತ್ತದೆ, ಒಂದಷ್ಟನ್ನು ಬಿಡುತ್ತದೆ. ಕಾಣುವುದು ಬಿಡುವುದು ತೀರ್ಮಾನವಾಗುವುದು ಯಾವ ಕಡೆ ಬೆಳಕು ಜಾಸ್ತಿ ಎಂಬುದರ ಮೇಲೆ. ಬೆಳಕನ್ನು ಅಳೆಯುವುದು ಲಕ್ಸ್ ಎಂಬ ಲೆಕ್ಕದಲ್ಲಿ. ನೆತ್ತಿ ಮೇಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಇರುತ್ತದೆ. ಟ್ಯೂಬ್‌ಲೈಟ್ ಹಾಕಿದ ಕೋಣೆ ಅಂದರೆ ನೂರೋ ಇನ್ನೂರೋ. ಹೊರಗೆ ಆ ಪರಿ ಬೆಳಕು ಇರುವಾಗ ಹೊರಗಿನವನ ಕಣ್ಣಿಗೆ ಗಾಜಿನ ಮೇಲಿನ ಆಕಾಶ, ತೆಂಗಿನಮರ, ತನ್ನ ಮುಖವೇ ಕಾಣುತ್ತದೆ, ಒಳಗಿನದು ಅದರಲ್ಲಿ ಮುಳುಗಿಹೋಗುತ್ತದೆ. ಕತ್ತಲಾಯಿತು ಅಂದರೆ ಬೀದಿದೀಪದ ಬೆಳಕು ಹತ್ತು ಹದಿನೈದು ಲಕ್ಸ್. ಒಳಗೆ ನೂರೈವತ್ತು. ಪೂರ್ತಿ ಉಲ್ಟಾ. ಈಗ ಹೊರಗಿನವನಿಗೆ ಎಲ್ಲಾ ಕಾಣುತ್ತದೆ, ಸ್ವಲ್ಪ ಮಬ್ಬಾಗಿ ಅಷ್ಟೇ. ಮಳೆಗಾಲದಲ್ಲಿ ಮೋಡ ಕವಿದ ದಿನ ಬೇಗನೆ ಲೈಟ್ ಹಾಕುತ್ತೀರಲ್ವಾ, ಅವತ್ತು ಸಂಜೆ ಐದೂವರೆ ಆರಕ್ಕೇ ಹೀಗಾಗುತ್ತದೆ.

ಇದರಲ್ಲಿ ಅತಿ ಕೆಟ್ಟ ಸಂಗತಿ ಇನ್ನೊಂದಿದೆ. ರಾತ್ರಿ ಒಳಗೆ ನಿಂತವರಿಗೆ ಆ ಗಾಜು ಕನ್ನಡಿಯ ಹಾಗೆ ಕಾಣುತ್ತದೆ. ತಮ್ಮ ಮುಖ, ಹಿಂದಿನ ಮಂಚ, ಗೋಡೆಯ ಗಡಿಯಾರ ಎಲ್ಲಾ ಅದರಲ್ಲಿ ಕಾಣುತ್ತದೆ. ಹೊರಗಿನದು ಏನೂ ಕಾಣುವುದಿಲ್ಲ. "ನನಗೇ ಹೊರಗಿನದು ಕಾಣುತ್ತಿಲ್ಲ, ಅವರಿಗೆ ನಾನು ಹೇಗೆ ಕಾಣುತ್ತೇನೆ?" ಎಂದು ಮನಸ್ಸಿಗೆ ಧೈರ್ಯ ಬರುತ್ತದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ದಯವಿಟ್ಟು ಇದೊಂದನ್ನು ನೆನಪಿಟ್ಟುಕೊಳ್ಳಿ: ರಾತ್ರಿ ಕಿಟಕಿ ಗಾಜಿನಲ್ಲಿ ನಿಮ್ಮ ಮುಖ ನಿಮಗೆ ಕಾಣುತ್ತಿದ್ದರೆ, ಬೀದಿಯಲ್ಲಿ ನಿಂತವನಿಗೆ ನೀವು ಕಾಣುತ್ತಿದ್ದೀರಿ.

ಒಂದು ಹೆಣ್ಣುಮಕ್ಕಳ ಪಿಜಿಯ ವಿಷಯ ಹೇಳುತ್ತೇನೆ. ಊರು ಬೆಂಗಳೂರು, ಬಡಾವಣೆಯ ಹೆಸರು ಬೇಡ. ಬಾತ್‌ರೂಮ್ ಕಿಟಕಿಗಳಿಗೆ ಫ್ರಾಸ್ಟೆಡ್ ಹಾಕಿ ಎಂದು ಕರೆದಿದ್ದರು. ಕೋಣೆಗಳ ಕಿಟಕಿಗೆ ಬೇರೆ ಯಾರೋ ಮೊದಲೇ ಮಿರರ್ ಫಿಲ್ಮ್ ಹಾಕಿ ಹೋಗಿದ್ದರು. ಕೆಲಸ ಮುಗಿಯುವಾಗ ಏಳು ಗಂಟೆ. ಏಣಿ ಗಾಡಿಗೆ ಕಟ್ಟುತ್ತಾ ತಲೆ ಎತ್ತಿದೆ. ಎರಡನೇ ಮಹಡಿಯ ಕೋಣೆಯಲ್ಲಿ ಒಂದು ಹುಡುಗಿ ಮಂಚದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು. ಕಿಟಕಿಗೆ ಪರದೆಯೇ ಇಲ್ಲ. ಎದುರಿಗೆ ಟೀ ಅಂಗಡಿ, ಹತ್ತಾರು ಗಂಡಸರು ನಿಂತಿದ್ದಾರೆ. ನಾನು ವಾಪಸ್ ಹೋಗಿ ಉಸ್ತುವಾರಿ ನೋಡುವ ಆಂಟಿಗೆ ಹೇಳಿದೆ. "ಅಯ್ಯೋ ಇಲ್ಲಣ್ಣಾ, ಅದು ಒನ್ ವೇ, ಪರದೆ ಬೇಡ ಅಂತಾನೇ ಓನರ್ ತೆಗೆಸಿದ್ದು, ಒಗೆಯೋ ಕೆಲಸ ಉಳೀತು ಅಂತ" ಅಂದರು.

ಬಾಯಲ್ಲಿ ಹೇಳಿದರೆ ನಂಬುವುದಿಲ್ಲ ಅಂತ ಗೊತ್ತು. "ಯಾರಾದರೂ ಒಬ್ಬರು ನನ್ನ ಜೊತೆ ಕೆಳಗೆ ಬನ್ನಿ" ಎಂದೆ. ಅಲ್ಲೇ ಕಾರಿಡಾರಿನಲ್ಲಿ ನಿಂತಿದ್ದ ಇನ್ನೊಂದು ಹುಡುಗಿ ಬಂದಳು. ನರ್ಸಿಂಗ್ ಓದುವವಳಂತೆ, ಉತ್ತರ ಕರ್ನಾಟಕದ ಕಡೆಯವಳು. ಆಂಟಿ ಮೇಲೆ ಕೋಣೆಯಲ್ಲಿ ನಿಂತು ಕೈ ಎತ್ತಿದರು. ಕೈಯಲ್ಲಿದ್ದ ಹಸಿರು ಗಾಜಿನ ಬಳೆ ಸಹ ಕಾಣುತ್ತಿತ್ತು. ಆ ಮಗು ಒಂದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ "ಅಣ್ಣಾ, ನಾವು ಇಲ್ಲೇ ದಿನಾ ಬಟ್ಟಿ ಬದಲಸ್ತೀವ್ರಿ" ಎಂದಳು. ನನಗೂ ಹೆಣ್ಣುಮಗಳಿದ್ದಾಳೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಫಿಲ್ಮ್ ಹಾಕಿದವನಿಗೆ ಇದು ಗೊತ್ತಿಲ್ಲದೆ ಇರಲು ಸಾಧ್ಯವೇ ಇಲ್ಲ. ಈ ಕೆಲಸಕ್ಕೆ ಬಂದ ಯಾವ ಹುಡುಗನಿಗೂ ಮೊದಲ ವಾರದಲ್ಲೇ ಇದು ಗೊತ್ತಾಗುತ್ತದೆ. ಹೇಳಿದರೆ ಗಿರಾಕಿ ತಪ್ಪಿಹೋಗುತ್ತಾರೆ ಎಂಬ ಭಯ. ನಾನು ಪ್ರತಿಯೊಬ್ಬರಿಗೂ ಹೇಳಿಯೇ ಅಂಟಿಸುತ್ತೇನೆ, ನನ್ನ ವ್ಯಾಪಾರವೇನೂ ಬಿದ್ದುಹೋಗಿಲ್ಲ. ಮಿರರ್ ಫಿಲ್ಮಿನಿಂದ ಬೇರೆ ಪ್ರಯೋಜನ ಇದ್ದೇ ಇದೆ. ಪಶ್ಚಿಮದ ಬಿಸಿಲು ತಡೆಯುತ್ತದೆ, ಒಳ್ಳೆಯ ಫಿಲ್ಮ್ ಆದರೆ ನೇರಳಾತೀತ ಕಿರಣವನ್ನು ಹೆಚ್ಚುಕಡಿಮೆ ಪೂರ್ತಿ ತಡೆದು ಸೋಫಾ ಬಟ್ಟೆಯ ಬಣ್ಣ ಉಳಿಸುತ್ತದೆ. ಹಗಲಿಗೆ ಮರೆಯೂ ಆಗುತ್ತದೆ. ಅಷ್ಟಕ್ಕೇ ಜನ ದುಡ್ಡು ಕೊಡುತ್ತಾರೆ, ಸುಳ್ಳು ಸೇರಿಸುವ ಅಗತ್ಯವೇ ಇಲ್ಲ.

ಈಗ "ಡ್ಯುಯಲ್" ಎಂಬ ಒಂದು ಫಿಲ್ಮನ್ನು ಎರಡೂ ಹೊತ್ತಿಗೆ ಆಗುತ್ತದೆ ಎಂದು ಮಾರುತ್ತಿದ್ದಾರೆ. ಅದರಲ್ಲಿ ಒಳಮುಖದ ಹೊಳಪು ಕಡಿಮೆ. ರಾತ್ರಿ ನಿಮಗೆ ಹೊರಗಿನದು ಸ್ವಲ್ಪ ಚೆನ್ನಾಗಿ ಕಾಣಲಿ ಅಂತ ಹಾಗೆ ಮಾಡಿದ್ದು. ನಿಮ್ಮನ್ನು ಮರೆಮಾಡಲು ಅಲ್ಲ. ಲೈಟ್ ಹಾಕಿದರೆ ಅದರಲ್ಲೂ ಕಾಣುತ್ತೀರಿ.

ಹಾಗಾದರೆ ಏನು ಮಾಡಬೇಕು? ಮಲಗುವ ಕೋಣೆಗೆ, ಪಿಜಿಗೆ ಮಿರರ್ ಫಿಲ್ಮ್ ಹಾಕಿದ್ದರೂ ದಪ್ಪ ಪರದೆ ಬೇಕೇ ಬೇಕು. ಲೈಟ್ ಸ್ವಿಚ್ ಒತ್ತುವ ಮೊದಲು ಪರದೆ ಎಳೆಯಿರಿ, ಒತ್ತಿದ ಮೇಲಲ್ಲ. ಬಾತ್‌ರೂಮಿಗೆ ಫ್ರಾಸ್ಟೆಡ್ ಬಿಟ್ಟು ಬೇರೆ ಹಾಕಿಸಲೇಬೇಡಿ. ಅದರಲ್ಲೂ ಗಾಜಿಗೆ ತೀರಾ ಹತ್ತಿರ ನಿಂತರೆ ಮೈಯ ಆಕಾರ ತಿಳಿಯುತ್ತದೆ, ಹಾಗಾಗಿ ದೀಪ ಕಿಟಕಿಯ ಎದುರು ಗೋಡೆಗೆ ಬೇಡ, ಕಿಟಕಿಯ ಮೇಲೆಯೇ ಇರಲಿ. ಹಳೆ ಮನೆಗಳ ಉಜ್ಜಿದ ಗಾಜಿನ ಒರಟು ಮುಖಕ್ಕೆ ನೀರು ಬಿದ್ದರೆ ಆ ಜಾಗ ತಿಳಿಯಾಗಿಬಿಡುತ್ತದೆ. ಶವರ್ ನೀರು ಸಿಡಿಯುವ ಕಡೆ ನುಣುಪು ಮುಖ ಇರಬೇಕು. ಇದನ್ನು ಎಷ್ಟೋ ಬಡಗಿಗಳು ಉಲ್ಟಾ ಕೂರಿಸಿರುತ್ತಾರೆ.

ನನಗೆ ತುಂಬಾ ಇಷ್ಟವಾದ ಉಪಾಯ ನಮ್ಮ ಹಳೆಯ ಮರದ ಕಿಟಕಿಯದು. ನಾಲ್ಕು ಬಾಗಿಲು ಇರುತ್ತಿದ್ದವು, ಕೆಳಗೆ ಎರಡು, ಮೇಲೆ ಎರಡು. ಕೆಳಗಿನ ಜೋಡಿ ಹಾಕಿಕೊಂಡು ಮೇಲಿನದು ತೆರೆದಿಟ್ಟರೆ ಬೀದಿಯವರಿಗೆ ಕಾಣುವುದಿಲ್ಲ, ಗಾಳಿ ಬೆಳಕು ತಪ್ಪುವುದಿಲ್ಲ. ಅದಿಲ್ಲದ ಮನೆಯಲ್ಲಿ ಅಜ್ಜಿಯಂದಿರು ಸ್ಪ್ರಿಂಗ್ ವೈರಿಗೆ ಅರ್ಧ ಪರದೆ ಸಿಕ್ಕಿಸುತ್ತಿದ್ದರು. ಈಗಿನ ಯುಪಿವಿಸಿ ಸ್ಲೈಡಿಂಗ್ ಕಿಟಕಿಯಲ್ಲೂ ಹಾಗೇ ಮಾಡಬಹುದು. ನೆಲದಿಂದ ನಿಂತವರ ತಲೆ ಮುಳುಗುವ ಎತ್ತರದವರೆಗೆ ಫ್ರಾಸ್ಟೆಡ್ ಹಾಕಿಸಿ, ಮೇಲಿನ ಭಾಗ ಹಾಗೇ ಬಿಡಿ. ಆಕಾಶ ಕಾಣುತ್ತಿರಲಿ. ನೆಲಮಹಡಿಯವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಎದುರಿಗೆ ನಿಮಗಿಂತ ಎತ್ತರದ ಕಟ್ಟಡ ಇದ್ದರೆ ಮಾತ್ರ ಇದು ಸಾಲದು, ಪರದೆಯೇ ಗತಿ. ಮತ್ತೆ, ಸ್ಲೈಡಿಂಗ್ ಬಾಗಿಲು ಅರ್ಧ ಸರಿಸಿದರೆ ಯಾವ ಫಿಲ್ಮೂ ಇಲ್ಲ. ಗಾಳಿಗೆ ಅಂತ ತೆಗೆದ ಕಿಟಕಿಗೆ ಮರೆ ಬೇಕಾದರೆ ಗ್ರಿಲ್ಲಿಗೆ ಬಿದಿರಿನ ತಟ್ಟಿ ಕಟ್ಟಿಸಿ.

ಬೇಲೂರಿಗೆ ಹೋದವರು ಗುಡಿಯ ಕಲ್ಲಿನ ಜಾಲಂಧ್ರಗಳನ್ನು ನೋಡಿರುತ್ತೀರಿ. ಒಳಗೆ ನಿಂತರೆ ಅಂಗಳದ ಜನ ಕಾಣುತ್ತಾರೆ, ಅಂಗಳದಿಂದ ನೋಡಿದರೆ ತೂತುಗಳ ಹಿಂದೆ ಬರೀ ಕತ್ತಲೆ. ಮಿರರ್ ಫಿಲ್ಮಿನ ಲೆಕ್ಕವೂ ಅದೇ, ಒಳಗೆ ಕತ್ತಲಿದ್ದರೆ ಮಾತ್ರ ಮರೆ. ನಮ್ಮಲ್ಲಿ ರಾತ್ರಿ ಕರೆಂಟ್ ಹೋದಾಗಲಷ್ಟೇ ಆ ಮರೆ ಸಿಗುತ್ತದೆ.

ಬೇರೆ ಒಂದೆರಡು ಮಾತು ಬೇಗ ಹೇಳಿಬಿಡುತ್ತೇನೆ. ಬಿಸಿಲು ಬೀಳುವ ಸಾದಾ ಗಾಜಿನ ಅರ್ಧಕ್ಕೆ ಮಾತ್ರ ಕಪ್ಪು ಫಿಲ್ಮ್ ಹಾಕಿಸಬೇಡಿ. ಕಪ್ಪು ಭಾಗ ಕಾದು ಹಿಗ್ಗುತ್ತದೆ, ಉಳಿದದ್ದು ತಣ್ಣಗಿರುತ್ತದೆ, ಅಂಚಿನಿಂದ ಬಿರುಕು ಓಡುತ್ತದೆ. ಎರಡು ಪದರದ ಗಾಜಿಗಂತೂ ಕೇಳದೆ ಹಾಕಿಸಲೇಬೇಡಿ. ಬರೀ ಬಣ್ಣ ಹಾಕಿದ ಅಗ್ಗದ ಫಿಲ್ಮ್ ಬಿಸಿಲಿಗೆ ನೇರಳೆಗೆ ತಿರುಗುತ್ತದೆ, ಗುಳ್ಳೆ ಏಳುತ್ತದೆ. ಬಾಡಿಗೆ ಮನೆಯವರಿಗೆ ಅಂಟಿಲ್ಲದೆ ನೀರಿನಲ್ಲೇ ಕೂರುವ ಫಿಲ್ಮ್ ಬರುತ್ತದೆ, ಬಿಟ್ಟು ಹೋಗುವಾಗ ಸುತ್ತಿಕೊಂಡು ಹೋಗಬಹುದು. ಇನ್ನು ಮನೆ ಮುಂದೆ ಮರ ಇದ್ದವರು ಹಕ್ಕಿಗಳ ಬಗ್ಗೆ ಸ್ವಲ್ಪ ಯೋಚಿಸಿ. ಕನ್ನಡಿಯಲ್ಲಿ ಮರವೇ ಕಂಡು ಅವು ರಭಸದಿಂದ ಬಂದು ಬಡಿಯುತ್ತವೆ. ಪಿಕಳಾರ, ಮಡಿವಾಳ ಹಕ್ಕಿಗಳು ತಮ್ಮ ನೆರಳನ್ನೇ ಇನ್ನೊಂದು ಹಕ್ಕಿ ಎಂದುಕೊಂಡು ಗಂಟೆಗಟ್ಟಲೆ ಕುಕ್ಕುತ್ತವೆ. ಗಾಜಿನ ಹೊರಮುಖಕ್ಕೆ ಎರಡೆರಡು ಇಂಚಿಗೆ ಒಂದೊಂದು ಬಿಳಿ ಚುಕ್ಕೆ ಅಂಟಿಸಿದರೆ ಹಕ್ಕಿಗಳು ಬಂದು ಬಡಿಯುವುದು ಕಡಿಮೆಯಾಗುತ್ತದೆ.

ಮನೆಯ ಮರೆ ಕಾಪಾಡಲು ಕಾನೂನು ಇದೆಯಾ ಅಂತ ಜನ ಕೇಳುತ್ತಾರೆ. ನನ್ನ ಗಿರಾಕಿಗಳಲ್ಲಿ ಒಬ್ಬರು ವಕೀಲರು ತೋರಿಸಿಕೊಟ್ಟರು. ದಾರಿ, ಗಾಳಿ, ಬೆಳಕಿನಂಥ ನೆರೆಹೊರೆಯ ಹಕ್ಕುಗಳ ಬಗ್ಗೆ ಇರುವ 1882ರ ಈಸ್ಮೆಂಟ್ ಕಾಯ್ದೆಯ 18ನೇ ಸೆಕ್ಷನ್‌ನಲ್ಲಿ ಒಂದು ಉದಾಹರಣೆ ಇದೆ. ನೆರೆಮನೆಯ ಮರೆಗೆ ಭಂಗ ಬರುವ ಹಾಗೆ ಹೊಸ ಕಿಟಕಿ ತೆರೆಯಬಾರದು ಎಂಬ ರೂಢಿ ಒಂದು ಊರಿನಲ್ಲಿದ್ದರೆ, ಆ ರೂಢಿಯೇ ಹಕ್ಕಾಗುತ್ತದೆ. ನಮ್ಮ ಹಿರಿಯರು ಕಿಟಕಿಗೆ ಎದುರಾಗಿ ಕಿಟಕಿ ಇಡುತ್ತಿರಲಿಲ್ಲ ಎಂಬುದು ಸುಮ್ನೆ ಶಾಸ್ತ್ರವಲ್ಲ, ಅದಕ್ಕೆ ಕಾನೂನಿನಲ್ಲೂ ಜಾಗ ಇತ್ತು. ಹೆಣ್ಣುಮಕ್ಕಳನ್ನು ಕದ್ದು ನೋಡುವುದು, ಫೋಟೊ ತೆಗೆಯುವುದು 2013ರಿಂದ ಪ್ರತ್ಯೇಕ ಅಪರಾಧ. ಮೊದಲು ಐಪಿಸಿ 354ಸಿ, ಈಗ ಭಾರತೀಯ ನ್ಯಾಯ ಸಂಹಿತೆಯ 77. ಆದರೆ ಫಿಲ್ಮ್ ನಂಬಿ ಪರದೆ ತೆಗೆದ ಹುಡುಗಿಗೆ ಯಾರೋ ನೋಡುತ್ತಿದ್ದಾರೆ ಎಂಬುದೇ ಗೊತ್ತಾಗುವುದಿಲ್ಲ. ಗೊತ್ತಾಗದವಳು ದೂರು ಕೊಡುವುದು ಹೇಗೆ?

ಆದ್ದರಿಂದ ನನ್ನ ಕೋರಿಕೆ ಇಷ್ಟು. ಗಾಜಿನ ಅಂಗಡಿಯವರು, ಆನ್‌ಲೈನಿನಲ್ಲಿ ಮಾರುವವರು, ನನ್ನ ಹಾಗೆ ಅಂಟಿಸುವವರು ಎಲ್ಲರೂ ಬಿಲ್ಲಿನ ಮೇಲೆ, ರೋಲಿನ ಮೇಲೆ ಕನ್ನಡದಲ್ಲಿ ಒಂದು ಸಾಲು ಹಾಕಲಿ: "ರಾತ್ರಿ ಒಳಗೆ ದೀಪ ಉರಿಯುವಾಗ ಹೊರಗಿನವರಿಗೆ ಕಾಣುತ್ತದೆ, ಪರದೆ ಬಳಸಿ." ಒನ್ ವೇ ಎಂಬ ಮಾತನ್ನು ಜಾಹೀರಾತಿನಿಂದ ತೆಗೆಯಲಿ. 2024ರಲ್ಲಿ ಬೆಂಗಳೂರಿನ ಆಗಿನ ಪಾಲಿಕೆ ಬಿಬಿಎಂಪಿ ಪಿಜಿಗಳಿಗೆ ನಿಯಮ ಮಾಡಿದಾಗ ಸಿಸಿಟಿವಿ ಬೇಕು, ಒಬ್ಬರಿಗೆ 70 ಚದರ ಅಡಿ ಜಾಗ ಬೇಕು ಎಂದಿತ್ತು. ಒಳ್ಳೆಯದೇ ಆಯಿತು. ಈಗ ಪಿಜಿಗಳಿಗೆ ಲೈಸೆನ್ಸ್ ಕೊಡುವ ಪಾಲಿಕೆಗಳು ಪ್ರತಿ ಕಿಟಕಿಗೂ ಪರದೆ ಇರಲೇಬೇಕು ಎಂದು ಒತ್ತಾಯಿಸಲಿ. ತಪಾಸಣೆಗೆ ಬರುವ ಅಧಿಕಾರಿಗಳು ಹಗಲಿನಲ್ಲಿ ಬಂದು ಸಹಿ ಹಾಕಿ ಹೋಗಬೇಡಿ. ಏಳು ಗಂಟೆಯ ಮೇಲೆ ಬನ್ನಿ, ಬೀದಿಯಲ್ಲಿ ನಿಂತು ತಲೆ ಎತ್ತಿ ನೋಡಿ.

ಓದುಗರಿಗೂ ಒಂದು ಮಾತು. ಮಗಳೋ ತಂಗಿಯೋ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಪಿಜಿಯಲ್ಲಿದ್ದರೆ ಇವತ್ತೇ ಫೋನ್ ಮಾಡಿ, ಕಿಟಕಿಗೆ ಏನಿದೆ ಕೇಳಿ. ಮಿರರ್ ಫಿಲ್ಮ್ ಅಂದರೆ ರೂಮ್‌ಮೇಟನ್ನು ಒಳಗೆ ನಿಲ್ಲಿಸಿ, ಲೈಟ್ ಹಾಕಿಸಿ, ತಾನು ಕೆಳಗಿಳಿದು ನೋಡಲಿ. ಪರದೆ ಬರುವ ತನಕ ಬೆಡ್‌ಶೀಟಾದರೂ ಕಟ್ಟಿಕೊಳ್ಳಲಿ.

ಇಂತಿ,
ಕಿಟಕಿಗೆ ಫಿಲ್ಮ್ ಅಂಟಿಸುವ ಒಬ್ಬ ಕೆಲಸಗಾರ
ಲಗ್ಗೆರೆ, ಬೆಂಗಳೂರು